ಮಾಟುಂಗದ ಇಡ್ಲಿ

ಕಳೆದ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ‘ನನಗೆ ಪ್ರಿಯವಾದ ತಿನಿಸು’ ಎಂಬ ವಿಷಯವಾಗಿ ಒಂದು ಪ್ರಬಂಧವನ್ನು ಬರೆದು ತರುವಂತೆ ಹೇಳಿದ್ದೆವು. ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ವಡಾಪಾವಿನ ಸ್ತುತಿಗಳು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ವಡಾಪಾವು ಪ್ರಿಯವಾಗಿರುವುದು ಸಹಜವೇ ಸರಿ. ಅದಕ್ಕಾಗಿ ನಾವು ಯಾರ ಅಂಕವನ್ನೂ ಕಡಿಮೆ ಮಾಡಲಿಲ್ಲ. ಒಬ್ಬ ಹುಡುಗನ ಪ್ರಬಂಧ ಮಾತ್ರ ಇಡ್ಲಿಯನ್ನು ಕುರಿತದ್ದಾಗಿತ್ತು. ಅದು ಹನ್ನೊಂದೇ ಸಾಲು. ಕೊನೆಯ ಸಾಲಿನಲ್ಲಿ, ಪ್ರಬಂಧದ ನಿಯಮಕ್ಕೆ ಹೊರತಾಗಿ, ಅವನು ನಮಗೇ ಒಂದು ಪ್ರಶ್ನೆಯನ್ನು ಹಾಕಿದ್ದನು: ‘ಚಳಿಗಾಲದಲ್ಲಿ ನಮ್ಮ ಮನೆಯ ಇಡ್ಲಿ ಬಿಲ್ಲೆಯಂತೆ ಗಟ್ಟಿಯಾಗುತ್ತದೆ. ಮಾಟುಂಗದ ಹೋಟೆಲಿನ ಇಡ್ಲಿ ಮಾತ್ರ ಹೂವಿನಂತೆಯೇ ಇರುತ್ತದೆ. ಹೋಟೆಲಿನವರು ಅದಕ್ಕೆ ಏನು ಹಾಕುತ್ತಾರೆ?’

ಪ್ರಶ್ನೆಯನ್ನು ತರಗತಿಯಲ್ಲಿ ಓದಿ ಹೇಳಿದೆವು. ‘ಸೋಡಾ ಹಾಕುತ್ತಾರೆ’ ಎಂದರು ಮುಕ್ಕಾಲು ಮಂದಿ. ತನ್ನ ಚಿಕ್ಕಪ್ಪನೇ ಅದನ್ನು ಕಣ್ಣಾರೆ ಕಂಡಿದ್ದಾನೆ ಎಂದು ಹೇಳುವ ಸಾಕ್ಷಿಯೂ ಒಬ್ಬಳು ಎದ್ದು ನಿಂತಳು. ಉಪಾಧ್ಯಾಯರ ಕೋಣೆಯಲ್ಲಿ ವಿಚಾರಿಸಿದರೆ ಅಲ್ಲಿಯೂ ಒಮ್ಮತವಿಲ್ಲ. ವಾರಕ್ಕೊಮ್ಮೆಯಾದರೂ ಇಡ್ಲಿಯನ್ನು ತಿನ್ನುವ ನಮಗೆ ಅದು ಏತಕ್ಕೆ ಉಬ್ಬುತ್ತದೆಂಬುದು ಸರಿಯಾಗಿ ತಿಳಿಯದೆಂದ ಮೇಲೆ, ಕೇಳಿ ತಿಳಿಯುವುದೇ ಲೇಸೆಂದು ನಿಶ್ಚಯಿಸಿದೆವು. ಮಾಟುಂಗದ ಒಂದು ಹೋಟೆಲಿನ ಹಿರಿಯ ಅಡುಗೆಯವರು ನಮ್ಮ ಶಾಲೆಯ ಹಳೆಯ ಪರಿಚಯದವರು. ಅವರು ಒಂದು ಕರಾರಿನ ಮೇಲೆ ಒಪ್ಪಿದರು. ‘ಬರುವುದಾದರೆ ಎರಡು ಸಲ ಬರಬೇಕು. ಶನಿವಾರ ಸಂಜೆ ಒಮ್ಮೆ, ಆದಿತ್ಯವಾರ ಬೆಳಗಿನ ಐದು ಗಂಟೆಗೆ ಒಮ್ಮೆ. ಒಂದೇ ಸಲ ಬಂದರೆ ಅರ್ಧ ಇಡ್ಲಿಯನ್ನು ಮಾತ್ರ ಕಂಡ ಹಾಗಾಗುತ್ತದೆ’ ಎಂದರು. ಹಾಗೆ ಜನವರಿಯ ಒಂದು ಶನಿವಾರ ಏಳು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಹೊರಟೆವು.

ಮಾಟುಂಗ ನಿಲ್ದಾಣದಲ್ಲಿ ಇಳಿದವರಿಗೆ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮಧ್ಯ ರೈಲ್ವೆಯ ಈ ನಿಲ್ದಾಣದ ಕೆಲಸವನ್ನೆಲ್ಲ 2017ರಲ್ಲಿ ಸ್ತ್ರೀಯರಿಗೇ ಒಪ್ಪಿಸಲಾಯಿತು. ನಮ್ಮ ದೇಶದಲ್ಲಿ ಅಂಥ ಮೊದಲನೆಯ ನಿಲ್ದಾಣ ಇದೇ. ನಮ್ಮ ಜೊತೆಗಿದ್ದ ಹುಡುಗಿಯರು ಈ ವಿಷಯವನ್ನು ಹುಡುಗರಿಗೆ ಎರಡೆರಡು ಸಲ ಹೇಳಿದರು. ನಿಲ್ದಾಣದಿಂದ ಹೊರಬಿದ್ದರೆ ಮಲ್ಲಿಗೆ, ಕನಕಾಂಬರಗಳ ಮಾಲೆಗಳು, ಬಾಳೆಯೆಲೆಯ ಕಟ್ಟುಗಳು, ಹುರಿದ ಕಾಫಿ ಬೀಜದ ವಾಸನೆ. ಮುಂಬಯಿಯಲ್ಲಿದ್ದೇವೆಂಬುದು ಒಂದು ನಿಮಿಷ ಮರೆತೇ ಹೋಗುತ್ತದೆ.

ಈ ಬಡಾವಣೆ ತಾನಾಗಿ ಬೆಳೆದುದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜನರು ಸತ್ತರು. ಊರನ್ನು ಗಾಳಿ ಬೆಳಕು ಬರುವಂತೆ ಹರಡಬೇಕೆಂದು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿದರು. ಆ ಟ್ರಸ್ಟಿನವರು ದಾದರ, ಮಾಟುಂಗಗಳ ಬಯಲಿನಲ್ಲಿ ಅಗಲವಾದ ರಸ್ತೆಗಳನ್ನು ಎಳೆದು, ಮರಗಳನ್ನು ನೆಟ್ಟು, ನಿವೇಶನಗಳನ್ನು ಮಾಡಿದರು. ಕಚೇರಿಗಳಲ್ಲಿ ಗುಮಾಸ್ತರಾಗಿ, ಬೆರಳಚ್ಚುಗಾರರಾಗಿ ಕೆಲಸಕ್ಕೆ ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು. ಹೀಗೆ ಬಂದವರಲ್ಲಿ ಬಹಳ ಮಂದಿ ಒಂಟಿ ಯುವಕರು. ಕೈಯಲ್ಲಿ ಕೆಲಸವಿತ್ತು, ತಲೆಯ ಮೇಲೆ ಸೂರಿತ್ತು; ಊರಿನ ಅನ್ನವೊಂದಿರಲಿಲ್ಲ. ಅದನ್ನು ಒದಗಿಸುವುದಕ್ಕೆ ಅವರ ಬೆನ್ನ ಹಿಂದೆಯೇ ಅಡುಗೆಯವರು ಬಂದರು. ಇಂದಿಗೂ ನಡೆಯುತ್ತಿರುವ ರಾಮಾಶ್ರಯವು 1939ರಲ್ಲಿಯೂ ಕೆಫೆ ಮದ್ರಾಸು 1940ರಲ್ಲಿಯೂ ಹುಟ್ಟಿದವು. ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಅಡುಗೆಮನೆಗಳಲ್ಲಿ ದುಡಿದ ಎ. ರಾಮ ನಾಯಕರು 1942ರಲ್ಲಿ ನಿಲ್ದಾಣದ ಎದುರಿಗೆ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಅಲ್ಲಿ ಬಾಳೆಯೆಲೆಯ ಊಟಕ್ಕೆ ಇಂದಿಗೂ ಸರತಿಯ ಸಾಲಿನಲ್ಲಿ ಕಾಯಬೇಕಾಗುತ್ತದೆ.

ಆ ವರ್ಷಗಳನ್ನು ಸ್ವಲ್ಪ ಗಮನಿಸಿ. ಅವು ಎರಡನೆಯ ಮಹಾಯುದ್ಧದ ವರ್ಷಗಳು. 1942ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಹಿಡಿದುದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. 1943ರಲ್ಲಿ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಅಕ್ಕಿಯೇ ಇಲ್ಲದಿದ್ದರೆ ಇಡ್ಲಿಯೆಲ್ಲಿಯದು? ಇದೇ ಅಭಾವದ ಕಾಲದಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ಅಕ್ಕಿಯ ಬದಲಿಗೆ ಗೋಧಿಯ ರವೆಯನ್ನು ಬಳಸಿ ರವೆ ಇಡ್ಲಿಯನ್ನು ಮಾಡಿದರು. ಇಂದು ನಾವು ಬಾಯಿ ಚಪ್ಪರಿಸಿ ತಿನ್ನುವ ರವೆ ಇಡ್ಲಿ ಹಸಿವಿನ ವರ್ಷಗಳ ಕೂಸು.

ಇನ್ನು ಶನಿವಾರದ ಸಂಜೆಗೆ ಬರೋಣ.

ಹೋಟೆಲಿನ ಹಿಂಬಾಗಿಲಿನಿಂದ ನಮ್ಮನ್ನು ಒಳಗೆ ಕರೆದುಕೊಂಡರು. ಒಳಗೆ ಸೆಕೆಯೋ ಸೆಕೆ. ಅಡುಗೆಯವರಿಗೆ ಅರುವತ್ತು ದಾಟಿದೆ. ಊರು ಕುಂದಾಪುರದ ಸಮೀಪ. ಮೂಲೆಯಲ್ಲಿ ಎರಡು ದೊಡ್ಡ ರುಬ್ಬುವ ಯಂತ್ರಗಳು ತಿರುಗುತ್ತಿದ್ದವು. ವಿದ್ಯುತ್ತಿನಿಂದ ತಿರುಗುವ ಇಂಥ ಕಲ್ಲು 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಹೋಟೆಲಿನ ಹಿಟ್ಟನ್ನೆಲ್ಲ ಆಳುಗಳು ಒರಳಿನ ಮುಂದೆ ಕುಳಿತು ಗುಂಡುಕಲ್ಲನ್ನು ತಿರುಗಿಸಿಯೇ ಅರೆಯಬೇಕಾಗಿತ್ತು. ಒಂದು ಮೂಲೆಯಲ್ಲಿ ಈಗಲೂ ಹಳೆಯ ಒರಳೊಂದಿದೆ. ನಮ್ಮ ಹುಡುಗನೊಬ್ಬನು ಅದರ ಗುಂಡನ್ನು ತಿರುಗಿಸಲು ಹೋಗಿ, ಎರಡು ಸುತ್ತಿಗೇ ಸಾಕೆಂದು ಬಿಟ್ಟನು.

ನಾಲ್ಕು ಗಂಟೆಗಳ ಕಾಲ ನೆನೆದ ಉದ್ದಿನಬೇಳೆಯನ್ನು ಮೊದಲು ರುಬ್ಬುತ್ತಾರೆ. ನೀರನ್ನು ಒಮ್ಮೆಲೇ ಹೊಯ್ಯದೆ ಆಗಾಗ ಚಿಮುಕಿಸುತ್ತಾರೆ. ಆ ನೀರು ತಣ್ಣಗಿರಬೇಕು, ಏಕೆಂದರೆ ಕಲ್ಲಿನ ತಿಕ್ಕಾಟಕ್ಕೆ ಹಿಟ್ಟು ಬಿಸಿಯಾದರೆ ಕೆಡುತ್ತದೆ. ಅರ್ಧ ಗಂಟೆಯಲ್ಲಿ ಬೇಳೆ ಬೆಣ್ಣೆಯಂತಾಯಿತು. ಅಡುಗೆಯವರು ಅದರ ಒಂದು ಹನಿಯನ್ನು ನೀರಿನ ಲೋಟದೊಳಗೆ ಬಿಟ್ಟರು. ಅದು ಮುಳುಗದೆ ತೇಲಿತು. ‘ಇದೇ ನಮ್ಮ ಪರೀಕ್ಷೆ. ತೇಲಿದರೆ ಪಾಸು, ಮುಳುಗಿದರೆ ಇನ್ನೂ ರುಬ್ಬಬೇಕು’ ಎಂದರು. ಹಿಟ್ಟಿನೊಳಗೆ ಸಾಕಷ್ಟು ಗಾಳಿ ಸೇರಿ ಅದು ಹಗುರಾಗಿದೆಯೆಂಬುದಕ್ಕೆ ಈ ತೇಲುವಿಕೆಯೇ ಸಾಕ್ಷಿ. ಪ್ರಯೋಗಶಾಲೆಯಲ್ಲಿ ಸಾಂದ್ರತೆಯ ಪಾಠವನ್ನು ನಾವು ಇದಕ್ಕಿಂತ ಚೆನ್ನಾಗಿ ಹೇಳಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಆಮೇಲೆ ಅಕ್ಕಿಯ ಸರದಿ. ಕುಚ್ಚಲಕ್ಕಿಯನ್ನು ನೆನಸಿ ತರಿತರಿಯಾಗಿ ರುಬ್ಬುತ್ತಾರೆ. ನುಣ್ಣಗೆ ಮಾಡಿದರೆ ಇಡ್ಲಿ ಅಂಟುಅಂಟಾಗುತ್ತದೆ. ಒಂದು ಪಾಲು ಬೇಳೆಗೆ ಮೂರು ಪಾಲು ಅಕ್ಕಿ. ಅಕ್ಕಿ ಹಳೆಯದೋ ಹೊಸದೋ ನೋಡಿಕೊಂಡು ಒಂದು ಹಿಡಿ ಹೆಚ್ಚು ಕಡಿಮೆ. ಎರಡನ್ನೂ ಕೂಡಿಸಿ, ಉಪ್ಪನ್ನು ಹಾಕಿ, ಅಡುಗೆಯವರು ಮೊಣಕೈಯವರೆಗೆ ಕೈಯನ್ನು ಇಳಿಸಿ ಕಲಸಿದರು. ದೊಡ್ಡ ಕೊಳದಪ್ಪಲೆಗಳಲ್ಲಿ ಅರ್ಧ ಮಾತ್ರ ಹಿಟ್ಟನ್ನು ತುಂಬಿ ಮುಚ್ಚಿದರು. ‘ಉಳಿದರ್ಧ ಏಕೆ ಖಾಲಿ?’ ಎಂದು ಕೇಳಿದ ಹುಡುಗಿಗೆ, ‘ನಾಳೆ ಬೆಳಿಗ್ಗೆ ಬಂದು ನೋಡು ಮಗಾ’ ಎಂದು ಉತ್ತರ ಬಂದಿತು.

ಸೋಡಾದ ಮಾತನ್ನು ತೆಗೆದವನು ಪ್ರಬಂಧದ ಹುಡುಗನೇ. ಅಡುಗೆಯವರಿಗೆ ಸಿಟ್ಟು ಬರಲಿಲ್ಲ. ‘ಹಾಕುವವರು ಇದ್ದಾರೆ’ ಎಂದರು. ಸೋಡಾ ಹಾಕಿದರೆ ರಾತ್ರಿಯೆಲ್ಲ ಕಾಯಬೇಕಾಗಿಲ್ಲ, ಇಡ್ಲಿ ತಕ್ಷಣ ಉಬ್ಬುತ್ತದೆ. ಆದರೆ ಹೆಚ್ಚಾದರೆ ಬಣ್ಣ ಹಳದಿಗೆ ತಿರುಗುತ್ತದೆ, ಬಾಯಿಗೆ ಸಾಬೂನಿನ ರುಚಿ ಹತ್ತುತ್ತದೆ. ಹೀಗೆ ವಿವರಿಸಿ, ಕೊನೆಗೆ ತಮ್ಮ ಊರಿನ ಕನ್ನಡದಲ್ಲಿ, ‘ಹಿಟ್ಟಿಗೆ ಅವ್ಸರ ಮಾಡೂಕಾಗ’ ಎಂದರು. ಅವಸರಪಡಿಸಕೂಡದು ಎಂದರ್ಥ. ಮುಂಬಯಿಯ ಮಕ್ಕಳಿಗೆ ಆ ಕನ್ನಡ ಹೊಸದು. ಮನೆಗೆ ಹೋಗುವವರೆಗೂ ರೈಲಿನಲ್ಲಿ ಅದನ್ನೇ ಹೇಳಿಕೊಂಡು ನಕ್ಕರು.

ಹಾಗಾದರೆ ಆ ರಾತ್ರಿ ಪಾತ್ರೆಯೊಳಗೆ ನಡೆಯುವುದಾದರೂ ಏನು? ಇದನ್ನು ನಾವು ಪುಸ್ತಕಗಳಿಂದ ತಿಳಿದುಕೊಂಡೆವು. ಉದ್ದಿನ ಮೇಲೆಯೂ ಅಕ್ಕಿಯ ಮೇಲೆಯೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮೊದಲೇ ಇರುತ್ತವೆ. ಒಂದೊಂದೂ ಮಿಲಿಮೀಟರಿನ ಸುಮಾರು ಸಾವಿರದ ಒಂದು ಭಾಗದಷ್ಟು. ಒಣ ಬೇಳೆಯಲ್ಲಿ ಅವು ಸುಮ್ಮನಿರುತ್ತವೆ. ನೀರು ತಗುಲಿ, ಬೇಳೆ ಅರೆಯಲ್ಪಟ್ಟು, ಆಹಾರ ಕೈಗೆಟುಕಿದ ಕೂಡಲೇ ಅವು ಎಚ್ಚರಗೊಂಡು ದ್ವಿಗುಣ, ಚತುರ್ಗುಣವಾಗಿ ಬೆಳೆಯುತ್ತವೆ. ಇವುಗಳಲ್ಲಿ ಮುಂದಾಳು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬುದು. ಹೆಸರು ನಾಲಗೆಗೆ ಹೊರೆಯೇ ಹೌದು, ಆದರೆ ಇಡ್ಲಿಯನ್ನು ಉಬ್ಬಿಸುವ ಕೆಲಸ ಮುಖ್ಯವಾಗಿ ಇದರದೇ ಎಂದು 1965ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿಕೊಟ್ಟಿತು. ಅದು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಎರಡು ವಸ್ತುಗಳನ್ನು ಹೊರಗೆ ಬಿಡುತ್ತದೆ. ಒಂದು ಲ್ಯಾಕ್ಟಿಕ್ ಆಮ್ಲ; ಮೊಸರಿಗೆ ಹುಳಿ ಬರುವುದೂ ಇದರಿಂದಲೇ. ಇನ್ನೊಂದು ಇಂಗಾಲದ ಡೈಆಕ್ಸೈಡು. ಈ ಅನಿಲವೇ ಗುಳ್ಳೆಗುಳ್ಳೆಯಾಗಿ ಹಿಟ್ಟನ್ನು ಮೇಲಕ್ಕೆ ನೂಕುತ್ತದೆ.

ಅನಿಲ ಹುಟ್ಟಿದರೆ ಸಾಲದು, ಅದು ಓಡಿಹೋಗದಂತೆ ಹಿಡಿದಿಡುವವರೂ ಬೇಕು. ರೊಟ್ಟಿಯಂಗಡಿಯ ಪಾವಿನಲ್ಲಿ ಆ ಕೆಲಸವನ್ನು ಗೋಧಿಯ ಅಂಟು ಮಾಡುತ್ತದೆ. ಅಕ್ಕಿಯಲ್ಲಿ ಆ ಅಂಟಿಲ್ಲ. ಅಕ್ಕಿಯ ಹಿಟ್ಟೊಂದನ್ನೇ ಹುಳಿಯಲು ಇಟ್ಟರೆ ಹುಳಿ ಬಂದೀತು, ಇಡ್ಲಿಯಂತೆ ಉಬ್ಬಲಾರದು. ಇಲ್ಲಿ ಉದ್ದು ನೆರವಿಗೆ ಬರುತ್ತದೆ. ಉದ್ದನ್ನು ರುಬ್ಬುವಾಗ ಕೈಗೆ ಹತ್ತುವ ಲೋಳೆಯನ್ನು ನೀವು ನೋಡಿರಬಹುದು. ಆ ಲೋಳೆಯೂ ಉದ್ದಿನ ಸಸಾರಜನಕವೂ ಕೂಡಿ ಗುಳ್ಳೆಗಳ ಸುತ್ತ ತೆಳುವಾದ ಪೊರೆಯಾಗಿ ನಿಲ್ಲುತ್ತವೆ. ಹೀಗೆ ಅಕ್ಕಿ ಮೈಯನ್ನು ಕೊಟ್ಟರೆ ಉದ್ದು ಉಸಿರನ್ನು ಹಿಡಿಯುತ್ತದೆ. ದೇಹಕ್ಕೂ ಈ ಜೋಡಿ ಒಳ್ಳೆಯದೇ: ಅಕ್ಕಿಯಲ್ಲಿ ಕೊರತೆಯಾಗಿರುವ ಲೈಸೀನ್ ಎಂಬ ಪೋಷಕಾಂಶವು ಉದ್ದಿನಲ್ಲಿದೆ, ಉದ್ದಿನಲ್ಲಿ ಕಡಿಮೆಯಿರುವ ಮೆಥಿಯೊನೀನ್ ಅಕ್ಕಿಯಲ್ಲಿದೆ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಹೇಳಬಹುದು. ಈ ಜೀವಿಗಳಿಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಬಹಳ ಹಿತ; ರಾತ್ರಿ ಬೆಳಗಾಗುವುದರೊಳಗೆ ಕೆಲಸವನ್ನು ಮುಗಿಸುತ್ತವೆ. ಜನವರಿಯ ರಾತ್ರಿ ಮನೆಯ ಅಡುಗೆಕಟ್ಟೆ ತಣ್ಣಗಾದಾಗ ಅವು ಮಂದವಾಗುತ್ತವೆ. ಹೋಟೆಲಿನ ಅಡುಗೆಮನೆ ಹಾಗಲ್ಲ, ಹಗಲೆಲ್ಲ ಉರಿದ ಒಲೆಗಳ ಕಾವು ಗೋಡೆಗಳಲ್ಲಿಯೇ ಉಳಿದಿರುತ್ತದೆ. ಅದಲ್ಲದೆ ಇನ್ನೊಂದು ಗುಟ್ಟು. ಒಂದು ಲೋಟ ಬಿಸಿಹಾಲು ಬೇಗ ಆರುತ್ತದೆ, ಒಂದು ಹಂಡೆ ಹಾಲು ನಿಧಾನವಾಗಿ ಆರುತ್ತದೆ. ಮನೆಯ ಎರಡು ಸೇರು ಹಿಟ್ಟಿಗೂ ಹೋಟೆಲಿನ ಐವತ್ತು ಸೇರು ಹಿಟ್ಟಿಗೂ ಇರುವ ಅಂತರ ಅದೇ. ಹೋಟೆಲಿನವರು ಹೆಚ್ಚಿಗೆ ಹಾಕುವುದು ಸೋಡಾವನ್ನಲ್ಲ, ಬಿಸಿಯನ್ನು.

ಇಷ್ಟು ಹೇಳಿದ ಮೇಲೆ ಹಳೆಯ ಪುಸ್ತಕಗಳ ಕಡೆಗೂ ಒಮ್ಮೆ ತಿರುಗಬೇಕು, ಏಕೆಂದರೆ ಇಡ್ಲಿಯ ಹೆಸರನ್ನು ಮೊದಲು ಬರೆದಿಟ್ಟವರಲ್ಲಿ ಕನ್ನಡಿಗರಿದ್ದಾರೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವಿದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನಸಿ, ಮೊಸರಿನ ತಿಳಿಯಲ್ಲಿ ಅರೆದು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಸೇರಿಸಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೂ ಇಂಥ ಉದ್ದಿನ ತಿನಿಸನ್ನು ವರ್ಣಿಸುತ್ತದೆ. ಈ ಗ್ರಂಥಗಳ ವಿವರಣೆಯಲ್ಲಿ ಉದ್ದು ಇದೆ, ಅಕ್ಕಿಯಿಲ್ಲ. ಆದುದರಿಂದ ನಮ್ಮ ಇಂದಿನ ಬಿಳಿಯ ಇಡ್ಲಿಯನ್ನೇ ಚಾಲುಕ್ಯ ಚಕ್ರವರ್ತಿ ತಿಂದನೆಂದು ಹೆಮ್ಮೆಪಡುವುದು ಅವಸರದ ಮಾತಾದೀತು. ಹೆಸರು ಉಳಿದಿದೆ, ತಿನಿಸು ಕಾಲದೊಡನೆ ಬದಲಾಗುತ್ತ ಬಂದಿದೆ.

ನಾಡಿನ ಒಳಗೂ ಅದು ಒಂದೇ ಬಗೆಯಲ್ಲ. ಬಿಡದಿಯಲ್ಲಿ ತಟ್ಟೆಯಗಲದ ತಟ್ಟೆ ಇಡ್ಲಿ. ಕರಾವಳಿಯಲ್ಲಿ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಕೊಟ್ಟೆಯಲ್ಲಿ ಬೇಯಿಸುವ ಕೊಟ್ಟೆಕಡುಬು. ಮುಂಡೇವಿನ ಎಲೆಯನ್ನು ಸುರುಳಿ ಸುತ್ತಿ ಅದರೊಳಗೆ ಹಿಟ್ಟನ್ನು ಹೊಯ್ದರೆ ಮೂಡೆ. ಹಿಟ್ಟು ಒಂದೇ, ಎಲೆಯ ಪರಿಮಳ ಬೇರೆ. ನಮ್ಮ ಏಳು ಮಂದಿಯಲ್ಲಿ ಮೂಡೆಯನ್ನು ತಿಂದವರು ಇಬ್ಬರೇ. ಅದೂ ಅಷ್ಟಮಿಗೆ ಅಜ್ಜಿಯ ಮನೆಗೆ ಹೋಗಿದ್ದಾಗ. ಮುಂಬಯಿಯಲ್ಲಿ ಹಲಸಿನ ಎಲೆಯನ್ನು ಎಲ್ಲಿಂದ ತರುವುದು? ಹೀಗಾಗಿ ದೂರದ ಊರಿಗೆ ಎಲೆಯನ್ನು ಬಿಟ್ಟು ಬಂದ ಇಡ್ಲಿಯೇ ನಮ್ಮ ಪಾಲಿನ ಇಡ್ಲಿ.

ಆದಿತ್ಯವಾರ ಬೆಳಗಿನ ಐದು ಗಂಟೆ. ಏಳು ಮಂದಿಯಲ್ಲಿ ಆರು ಮಂದಿ ಬಂದಿದ್ದರು. ಏಳನೆಯವನನ್ನು ಎಬ್ಬಿಸಲು ಅವನ ತಾಯಿಯಿಂದಲೂ ಆಗಲಿಲ್ಲವಂತೆ. ಅಡುಗೆಯವರು ಕೊಳದಪ್ಪಲೆಯ ಮುಚ್ಚಳವನ್ನು ತೆಗೆದರು. ರಾತ್ರಿ ಅರ್ಧದಲ್ಲಿದ್ದ ಹಿಟ್ಟು ಕಂಠದವರೆಗೆ ಬಂದು ನಿಂತಿದೆ. ಮೇಲೆ ಸಣ್ಣ ಸಣ್ಣ ಗುಳ್ಳೆಗಳು. ಕಿವಿಯನ್ನು ಹತ್ತಿರ ತಂದರೆ ಅವು ಒಡೆಯುವ ಪಿಸುಸದ್ದು. ಮಕ್ಕಳು ಒಬ್ಬೊಬ್ಬರಾಗಿ ಕಿವಿಯಿಟ್ಟು ಕೇಳಿದರು. ಖಾಲಿ ಬಿಟ್ಟ ಅರ್ಧದ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಲಿಲ್ಲ.

ಗುಳಿಯ ತಟ್ಟೆಗಳ ಮೇಲೆ ಒದ್ದೆಯ ಬಟ್ಟೆಯನ್ನು ಹಾಸಿ, ಹಿಟ್ಟನ್ನು ಕಲಕದೆ ಮೇಲಿನಿಂದ ಸೌಟಿನಲ್ಲಿ ಎತ್ತಿ ಹೊಯ್ದರು. ಕಲಕಿದರೆ ರಾತ್ರಿಯ ಗುಳ್ಳೆಗಳು ಒಡೆದುಹೋಗುತ್ತವಲ್ಲವೆ? ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ. ಕಾವಿಗೆ ಗುಳ್ಳೆಗಳು ಇನ್ನಷ್ಟು ಹಿಗ್ಗುತ್ತವೆ, ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗಿ ಆ ಆಕಾರದಲ್ಲಿಯೇ ನಿಲ್ಲುತ್ತದೆ. ಅಷ್ಟರೊಳಗೆ ಮುಚ್ಚಳವನ್ನು ತೆಗೆದವನು ಕೆಟ್ಟ. ಹಿಟ್ಟನ್ನು ಹೊಯ್ಯುತ್ತಿದ್ದವನು ಒಡಿಶಾದಿಂದ ಬಂದ ಯುವಕ. ಹಿಟ್ಟಿನ ಹುಳಿ ಹದಕ್ಕೆ ಬಂದಿದೆಯೇ ಎಂಬುದನ್ನು ಅವನು ಮೂಸಿಯೇ ಹೇಳುತ್ತಾನೆ, ಒಂದು ದಿನವೂ ತಪ್ಪಿಲ್ಲವೆಂದು ಅಡುಗೆಯವರು ಹೊಗಳಿದರು. ಆ ಅಡುಗೆಮನೆಯ ಮಾತು ಈಗ ಹೆಚ್ಚಾಗಿ ಹಿಂದಿ. ಕನ್ನಡ ಬರುವವರು ಮೂವರೇ.

ಇಡ್ಲಿ ಬೇಯುತ್ತಿದ್ದ ಆ ಹೊತ್ತಿನಲ್ಲಿ ಅಡುಗೆಯವರು ತಮ್ಮ ಕಥೆಯನ್ನು ಹೇಳಿದರು. ನಾವು ಕೇಳಿರಲಿಲ್ಲ, ‘ನೀವು ಯಾವ ಶಾಲೆಯಲ್ಲಿ ಕಲಿತಿರಿ?’ ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ ಅದು ಉತ್ತರವಾಗಿ ಬಂದಿತು.

ಅವರು ಮುಂಬಯಿಗೆ ಬಂದುದು 1976ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ಆಗ ಕೊಂಕಣ ರೈಲ್ವೆಯಿರಲಿಲ್ಲ. ಅದು ಪೂರ್ತಿಯಾಗಿ ತೆರೆದುದು 1998ರಲ್ಲಿ. ಬಸ್ಸಿನಲ್ಲಿ ಘಟ್ಟವನ್ನು ಹತ್ತಿ ಇಳಿದು, ಊರಿನವರೊಬ್ಬರ ಕೈ ಹಿಡಿದುಕೊಂಡು ಬಂದರು. ಒಂದು ಹೋಟೆಲಿನಲ್ಲಿ ಲೋಟ ತಟ್ಟೆಗಳನ್ನು ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿ ಅಂಥ ಹುಡುಗರು ಹತ್ತು ಹನ್ನೆರಡು ಮಂದಿ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿಕೊಂಡು ಅವುಗಳ ಮೇಲೆಯೇ ಮಲಗುತ್ತಿದ್ದರು. ಸಂಜೆ ಎರಡು ಗಂಟೆಗಳ ಬಿಡುವಿನಲ್ಲಿ ಕನ್ನಡ ರಾತ್ರಿ ಶಾಲೆ. ಹೀಗೆ ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ನಡೆಸುತ್ತಿದ್ದ ರಾತ್ರಿ ಶಾಲೆಗಳು ಹಲವಾರಿದ್ದವು. ಅಲ್ಲಿ ಕಲಿತು ವಕೀಲರಾದವರೂ ಬ್ಯಾಂಕಿನ ಅಧಿಕಾರಿಗಳಾದವರೂ ಇದ್ದಾರೆ. ಇವರು ಒಂಬತ್ತನೆಯ ತರಗತಿಯವರೆಗೆ ಓದಿದರು. ಅಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ಮೇಲೆ ಬಿಟ್ಟರು. ‘ನೀವು ಈಗ ಇರುವ ತರಗತಿಯೇ’ ಎಂದು ನಮ್ಮ ಮಕ್ಕಳ ಕಡೆಗೆ ಸೌಟನ್ನು ತೋರಿಸಿದರು.

ಇವರ ಅಕ್ಷರ ದುಂಡಾಗಿದ್ದುದರಿಂದ ಉಳಿದ ಹುಡುಗರ ಪತ್ರಗಳನ್ನೆಲ್ಲ ಇವರೇ ಬರೆಯುತ್ತಿದ್ದರು. ಒಂದು ಪತ್ರಕ್ಕೆ ಒಂದು ವಡೆ ಕೂಲಿ. ಹುಡುಗರು ತಮ್ಮ ಪಾಲಿನದನ್ನೇ ಕೊಡುತ್ತಿದ್ದರು. ಎಲ್ಲರೂ ಹೇಳಿ ಬರೆಯಿಸುತ್ತಿದ್ದುದು ಒಂದೇ ಒಕ್ಕಣೆ. ನಾನು ಕ್ಷೇಮವಾಗಿದ್ದೇನೆ, ಊಟಕ್ಕೆ ಕೊರತೆಯಿಲ್ಲ, ಕೆಲಸ ಹಗುರವಾಗಿದೆ, ಮುಂದಿನ ತಿಂಗಳು ಹಣ ಕಳುಹಿಸುತ್ತೇನೆ. ಊಟದ ಮಾತು ನಿಜವೇ. ಕೆಲಸದ ಮಾತು ನಿಜವಲ್ಲ. ಸೋಡಾಪುಡಿಯ ನೀರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೈಯಿಟ್ಟು ಬೆರಳ ಸಂದುಗಳು ಬಿರಿಯುತ್ತಿದ್ದವು. ಅದನ್ನು ಯಾರೂ ಬರೆಯಿಸಲಿಲ್ಲ.

‘ನಿಮ್ಮ ಅಮ್ಮನಿಗೂ ಹಾಗೆಯೇ ಬರೆದಿರಾ ಅಜ್ಜ?’ ಎಂದು ಪ್ರಬಂಧದ ಹುಡುಗ ಕೇಳಿದನು.

‘ಹಾಗೆಯೇ ಬರೆದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ, ಶಾಲೆಯ ಮಾಷ್ಟ್ರು ಓದಿ ಹೇಳುತ್ತಿದ್ದರು. ಮೂರು ವರ್ಷದ ಮೇಲೆ ಮೊದಲ ಸಲ ಊರಿಗೆ ಹೋದೆ. ಹೊಸ ಅಂಗಿ, ಕೈಯಲ್ಲಿ ಗಡಿಯಾರ. ಅಮ್ಮ ಅದೊಂದನ್ನೂ ನೋಡಲಿಲ್ಲ. ನನ್ನ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ನೋಡಿದಳು. ಏನೂ ಹೇಳಲಿಲ್ಲ. ಒಳಗೆ ಹೋಗಿ ತೆಂಗಿನೆಣ್ಣೆ ತಂದಳು.’

ಇಷ್ಟು ಹೇಳಿ ಅವರು ಹಬೆಯ ಪಾತ್ರೆಯ ಮುಚ್ಚಳವನ್ನು ತೆಗೆದರು. ಕೆಲವು ಕ್ಷಣ ಯಾರಿಗೂ ಯಾರ ಮುಖವೂ ಕಾಣಲಿಲ್ಲ.

ಇಂದು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲಿನ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಿಗೂ ಮನೆಗೆಲಸಕ್ಕೂ ಆ ನಿಷೇಧ ಅನ್ವಯವಾಯಿತು. 2016ರ ತಿದ್ದುಪಡಿಯಿಂದ ಅದು ಇನ್ನೂ ಬಿಗಿಯಾಯಿತು. ಕಾನೂನು ಬಂದುದು ಒಳ್ಳೆಯದೇ ಆಯಿತೆಂದು ಅಡುಗೆಯವರೂ ಹೇಳಿದರು. ಅವರ ಇಬ್ಬರು ಮಕ್ಕಳಲ್ಲಿ ಒಬ್ಬರೂ ಈ ಕಸುಬಿಗೆ ಬಂದಿಲ್ಲ. ಅದನ್ನು ಅವರು ಹೇಳಿದ ಧ್ವನಿಯಲ್ಲಿ ಸಂತೋಷವೇ ಹೆಚ್ಚಾಗಿತ್ತು.

ಹೊರಗಿನ ಸಾಲೆಯಲ್ಲಿ ನಮಗಾಗಿ ಎರಡು ಮೇಜುಗಳನ್ನು ಬಿಟ್ಟಿದ್ದರು. ಬೆಳಗಿನ ಆರು ಗಂಟೆಗೇ ಹೋಟೆಲು ತುಂಬಿತ್ತು: ವಾಕಿಂಗು ಮುಗಿಸಿ ಬಂದ ಮುದುಕರು, ರಾತ್ರಿಪಾಳಿಯನ್ನು ಮುಗಿಸಿದ ಯುವಕರು, ಮರಾಠಿ ಪತ್ರಿಕೆಯನ್ನು ಓದುತ್ತಿದ್ದವರು, ಗುಜರಾತಿಯಲ್ಲಿ ವ್ಯಾಪಾರದ ಮಾತನ್ನಾಡುತ್ತಿದ್ದವರು. ಎಲ್ಲರ ಮುಂದೆಯೂ ಇಡ್ಲಿ. ಸಾಂಬಾರಿನ ವಿಷಯದಲ್ಲಿ ನಮಗೊಂದು ತಕರಾರಿದೆ, ಅದನ್ನು ಬಚ್ಚಿಡುವುದಿಲ್ಲ. ಉಡುಪಿಯ ಕಡೆಯ ಹುಳಿಗೆ ಒಂದು ಚೂರು ಬೆಲ್ಲವನ್ನು ಹಾಕುವುದು ಮೊದಲಿನಿಂದಲೂ ಇರುವ ಪದ್ಧತಿ. ಆದರೆ ಮುಂಬಯಿಯ ಅನೇಕ ಹೋಟೆಲುಗಳಲ್ಲಿ ಗಿರಾಕಿಗಳ ನಾಲಗೆಯನ್ನು ಅನುಸರಿಸಿ ಆ ಚೂರು ಬೆಳೆದು ಉಂಡೆಯಾಗಿದೆ. ಇಡ್ಲಿಗೆ ಸಾಂಬಾರು ಬೇಕು, ಪಾನಕ ಬೇಡ. ಆ ದಿನ ನಮಗೆ ಬಂದ ಸಾಂಬಾರು ಹದವಾಗಿತ್ತು. ನಾವು ಶಾಲೆಯವರೆಂಬ ದಾಕ್ಷಿಣ್ಯದಿಂದಲೋ ಏನೋ! ಚಟ್ನಿಯಂತೂ ಆಗತಾನೆ ತುರಿದ ಕಾಯಿಯದು.

ಎಂದೂ ಎರಡು ಇಡ್ಲಿಗೆ ಮೇಲೆ ತಿನ್ನದ ಹುಡುಗಿ ಐದನ್ನು ತಿಂದಳು. ಮಾತು ಕಡಿಮೆಯಾಗಿತ್ತು. ತಿಂದಾದ ಮೇಲೆ ತಟ್ಟೆಗಳನ್ನು ಮೇಜಿನ ಮೇಲೆಯೇ ಬಿಟ್ಟು ಏಳುವುದು ಹೋಟೆಲಿನ ವಾಡಿಕೆಯಷ್ಟೆ. ನಮ್ಮ ಮಕ್ಕಳು ಅವನ್ನು ಒಂದರ ಮೇಲೊಂದಾಗಿ ಜೋಡಿಸಿ, ಲೋಟಗಳನ್ನು ಒಂದು ಕಡೆಗೆ ಸೇರಿಸಿ ಇಟ್ಟು ಎದ್ದರು. ಹಾಗೆ ಮಾಡಿರೆಂದು ನಾವು ಹೇಳಿರಲಿಲ್ಲ. ಗಲ್ಲೆಯಲ್ಲಿ ಕುಳಿತವರು ಹಣವನ್ನು ತೆಗೆದುಕೊಳ್ಳಲು ಒಪ್ಪದಿದ್ದಾಗ, ಬಹಳ ಹೊತ್ತು ವಾದಿಸಿ ಅರ್ಧವನ್ನು ಕೊಟ್ಟು ಬಂದೆವು.

ಪ್ರಬಂಧದ ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಮರುವಾರವೇ ಅವನು ಮನೆಯಲ್ಲಿ ಪ್ರಯೋಗವನ್ನು ಕೈಗೊಂಡನು. ಉದ್ದಿನ ಹನಿಯನ್ನು ನೀರಿನಲ್ಲಿ ತೇಲಿಸಿ ನೋಡಿದನು, ಕಲಸುವಾಗ ಉಗುರುಬೆಚ್ಚಗಿನ ನೀರನ್ನು ಹಾಕಿಸಿದನು. ಹಿಟ್ಟಿನ ಪಾತ್ರೆಗೆ ತನ್ನ ಕಂಬಳಿಯನ್ನೇ ಸುತ್ತಿ, ಅದನ್ನು ಮೂಲೆಯಲ್ಲಿ ಭದ್ರವಾಗಿಟ್ಟು, ತಾನು ಹೊದಿಕೆಯಿಲ್ಲದೆ ಮಲಗಿದನು. ಎಲ್ಲವೂ ಸರಿಯಾಗಿಯೇ ನಡೆಯಿತು. ಪಾತ್ರೆಯನ್ನು ಅರ್ಧ ಖಾಲಿ ಬಿಡಬೇಕೆಂಬುದೊಂದು ಮರೆತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಬಂದು ಕಂಬಳಿಯನ್ನೆಲ್ಲ ವ್ಯಾಪಿಸಿದೆ. ಪಾತ್ರೆಯಲ್ಲಿ ಉಳಿದ ಹಿಟ್ಟಿನಿಂದ ಮಾಡಿದ ಇಡ್ಲಿಗಳು ಮಾಟುಂಗದವುಗಳಂತೆಯೇ ಆಗಿದ್ದವೆಂದು ಅವನ ತಾಯಿ ನಮಗೆ ತಿಳಿಸಿದ್ದಾರೆ. ಕಂಬಳಿಯನ್ನು ಮಾತ್ರ ಅವನೇ ತೊಳೆಯಬೇಕಾಯಿತಂತೆ.